ಟ್ಯಾಪೆಟ್ ಗ್ಯಾಪ್ ಹೊಂದಾಣಿಕೆ: ಇತಿಹಾಸ

ವಾಲ್ವ್ ಪೂರ್ತಿ ಮುಚ್ಚಿರುವಾಗ ಅದರ ಕಾಂಡದ ತುದಿಗೂ ಅದನ್ನು ಒತ್ತುವ ರಾಕರ್ ಅಥವಾ ಟ್ಯಾಪೆಟ್ಟಿಗೂ ನಡುವೆ ಬಿಡುವ ಸಣ್ಣ ಸಂದನ್ನು ಟ್ಯಾಪೆಟ್ ಗ್ಯಾಪ್ ಎನ್ನುತ್ತಾರೆ. ಇದು ಹಳೆಯ ಎಂಜಿನ್ನುಗಳ ಕುಂದಾಗಿತ್ತು, ಹೈಡ್ರಾಲಿಕ್ ಟ್ಯಾಪೆಟ್ ಬಂದು ಆ ಕುಂದು ನೀಗಿತು ಎಂಬ ಮಾತು ರೂಢಿಯಲ್ಲಿದೆ. ಇತಿಹಾಸ ಈ ಮಾತನ್ನು ಒಪ್ಪುವುದಿಲ್ಲ. ಕಾದ ವಾಲ್ವ್ ಉದ್ದವಾಗುತ್ತದೆ. ಘನ ಟ್ಯಾಪೆಟ್ಟಿನ ಎಂಜಿನ್ನಿನಲ್ಲಿ ಆ ಬೆಳವಣಿಗೆಗೆ ಜಾಗವಿಲ್ಲದಿದ್ದರೆ ಅದು ಸೀಟಿನ ಮೇಲೆ ಪೂರ್ತಿ ಕೂರದು. ಎಕ್ಸಾಸ್ಟ್ ವಾಲ್ವ್ ತನ್ನ ಶಾಖದ ಬಹುಪಾಲನ್ನು ಸೀಟಿಗೆ ದಾಟಿಸಿಯೇ ತಣಿಯಬೇಕಾದ್ದರಿಂದ, ಕೂರದ ವಾಲ್ವ್ ಅಂಚಿನಲ್ಲಿ ಸುಟ್ಟುಹೋಗುತ್ತದೆ. ಗ್ಯಾಪ್ ಎಂಜಿನ್ನಿನ ರಕ್ಷಣೆಗೆಂದೇ ಲೆಕ್ಕಹಾಕಿ ಬಿಟ್ಟ ಅಳತೆ.

ಆ ಅಳತೆಯನ್ನು ಕಾಯುವ ದಾರಿಗಳು ಮಾತ್ರ ಕಾಲಕಾಲಕ್ಕೆ ಬದಲಾದವು. 1932ರ ಫೋರ್ಡ್ ವಿ8 ಎಂಜಿನ್ನಿನ ಟ್ಯಾಪೆಟ್‌ಗಳಲ್ಲಿ ಹೊಂದಿಸುವ ಸ್ಕ್ರೂ ಇರಲಿಲ್ಲ; ಗ್ಯಾಪ್ ಕಡಿಮೆಯಾದರೆ ವಾಲ್ವ್ ಬಿಚ್ಚಿ ಕಾಂಡದ ತುದಿಯನ್ನೇ ಉಜ್ಜಬೇಕಿತ್ತು. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್‌ಗಳಲ್ಲಿ ರಾಕರ್ ಮೇಲೆಯೇ ಸ್ಕ್ರೂ ಮತ್ತು ಲಾಕ್ ನಟ್ ಇದ್ದವು. ಭಾರತದ ಅಂಬಾಸಿಡರ್ ದಶಕಗಳ ಕಾಲ ಓಡಿದ್ದು ಇದೇ ಕುಟುಂಬದ 1489 ಸಿಸಿ ಎಂಜಿನ್ನಿನ ಮೇಲೆ. ಅದರ ಎಂಟು ವಾಲ್ವ್‌ಗಳಿಗೆ ಮೆಕ್ಯಾನಿಕ್‌ಗಳು ಒಂಬತ್ತರ ಲೆಕ್ಕ ಹಿಡಿಯುತ್ತಿದ್ದರು: ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದನ್ನು ಹೊಂದಿಸುವುದು, ಮೂರನೆಯದು ತೆರೆದಾಗ ಆರನೆಯದನ್ನು. ಇದೇ ಕುಟುಂಬದ ಎಂಜಿಬಿ ಕಾರಿಗೆ ತಣ್ಣಗಿರುವಾಗ 0.015 ಇಂಚು, ಅಂದರೆ ಸುಮಾರು 0.38 ಮಿ.ಮೀ. ಗ್ಯಾಪ್ ನಿಗದಿಯಾಗಿತ್ತು. ರಾಕರ್ ತುದಿ ಸವೆದು ಗುಳಿ ಬಿದ್ದಿದ್ದರೆ ಗ್ಯಾಪ್ ಅಳೆಯುವ ಫೀಲರ್ ಗೇಜ್ ಪಟ್ಟಿ ಆ ಗುಳಿಯ ಮೇಲೆ ಸೇತುವೆಯಂತೆ ನಿಲ್ಲುತ್ತದೆ. ಆಗ ಗೇಜ್ ಸರಿ ಎಂದರೂ ನಿಜವಾದ ಗ್ಯಾಪ್ ಹೆಚ್ಚೇ ಇರುತ್ತದೆ.

ಹಾಗಾದರೆ ಹೈಡ್ರಾಲಿಕ್ ವ್ಯವಸ್ಥೆ ಪ್ರಗತಿಯಲ್ಲವೇ ಎಂದು ಕೇಳಬಹುದು. ತೈಲದ ಒತ್ತಡದಿಂದ ಗ್ಯಾಪನ್ನು ತಾನೇ ತುಂಬಿಕೊಂಡು ಮನುಷ್ಯನ ಕೈತಪ್ಪನ್ನು ಅದು ಇಲ್ಲವಾಗಿಸಿದ್ದು ನಿಜ. ಸರ್ವಿಸ್ ಮರೆಯುವ ಮಾಲೀಕರ ಎಷ್ಟೋ ಎಂಜಿನ್ನುಗಳನ್ನು ಉಳಿಸಿದ್ದೂ ನಿಜ. ಆದರೆ ಅದು 1930ರಲ್ಲಿ ಕ್ಯಾಡಿಲ್ಯಾಕ್ ವಿ-16ರಂಥ ದುಬಾರಿ ಕಾರಿನಲ್ಲಿ ಕಾಣಿಸಿಕೊಂಡದ್ದು ಮುಖ್ಯವಾಗಿ ಸದ್ದಡಗಿಸಲು. ಅತಿವೇಗದಲ್ಲಿ ಅಂಥ ಟ್ಯಾಪೆಟ್ ತೈಲ ತುಂಬಿ ಉಬ್ಬಿ ವಾಲ್ವನ್ನು ಮುಚ್ಚಗೊಡದ ಅಪಾಯವೂ ಇತ್ತು. 1960ರ ಮಾದರಿಗಳೊಂದಿಗೆ ಬಂದ ಕ್ರೈಸ್ಲರ್ ಸ್ಲ್ಯಾಂಟ್ ಸಿಕ್ಸ್ ಅತ್ಯಂತ ಗಟ್ಟಿಮುಟ್ಟಾದ ಎಂಜಿನ್ ಎಂದು ಹೆಸರಾದದ್ದು ಘನ ಟ್ಯಾಪೆಟ್ಟಿನೊಂದಿಗೇ; ಹೈಡ್ರಾಲಿಕ್ ಅದಕ್ಕೆ ಸಿಕ್ಕಿದ್ದು 1981ರ ಮಾದರಿಗೆ. ಹೋಂಡಾ ಕಂಪನಿಯಂತೂ ಹೊಸ ಶತಮಾನದಲ್ಲೂ ಅನೇಕ ಕಾರುಗಳಲ್ಲಿ ಸ್ಕ್ರೂವನ್ನೇ ಉಳಿಸಿಕೊಂಡಿತು.

ಗ್ಯಾಪ್ ಒಂದು ಕುಂದು ಎಂಬ ಮಾತಿಗಿಂತ, ಸದ್ದೇ ಕೆಡುಕಿನ ಗುರುತು ಎಂಬ ನಂಬಿಕೆ ಹೆಚ್ಚು ಹಾನಿಕರ. ಗ್ಯಾಪ್ ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಶಕ್ತಿ ತುಸು ಕುಗ್ಗುತ್ತದೆ, ಸವೆತ ಏರುತ್ತದೆ. ಕಡಿಮೆಯಾದರೆ ಎಂಜಿನ್ ಇನ್ನಷ್ಟು ಮೆತ್ತಗೆ ಓಡುತ್ತಲೇ ವಾಲ್ವ್ ಸುಟ್ಟುಕೊಳ್ಳುತ್ತದೆ. ಭಾರತದಲ್ಲಿ 2000ದ ಹೊತ್ತಿಗೆ ಸೀಸಭರಿತ ಪೆಟ್ರೋಲ್ ನಿಂತಿತು. ಸೀಸದ ಲೇಪ ತಪ್ಪಿದ ಹಳೆಯ ಎರಕದ ಹೆಡ್‌ಗಳಲ್ಲಿ ಎಕ್ಸಾಸ್ಟ್ ಸೀಟು ಸವೆದು ವಾಲ್ವ್ ಮೇಲೇರುತ್ತದೆ, ಗ್ಯಾಪ್ ಸದ್ದಿಲ್ಲದೆ ಕಿರಿದಾಗುತ್ತದೆ. ಗಟ್ಟಿ ಲೋಹದ ಸೀಟು ಕೂರಿಸಿದ ಹೆಡ್‌ಗಳಿಗೆ ಈ ತೊಂದರೆ ಕಡಿಮೆ. ಉಳಿದವುಗಳಲ್ಲಿ ಎಕ್ಸಾಸ್ಟ್ ಗ್ಯಾಪನ್ನು ಹಳೆಯ ಕೈಪಿಡಿ ಹೇಳುವುದಕ್ಕಿಂತ ಬೇಗಬೇಗ ಅಳೆಯಬೇಕು.