ನೀರಿಗೆ ಹೋದ ಮಾನ: ಟ್ರಯಂಫ್ ಸ್ಟ್ಯಾಗ್ ಕಾರಿನ ಚರಿತ್ರೆ

ಬ್ರಿಟನ್ನಿನ ಮೋಟಾರು ಕೈಗಾರಿಕೆಯ ಚರಿತ್ರೆಯಲ್ಲಿ ಹೊಗಳಿಕೆಯನ್ನೂ ನಗೆಪಾಟಲನ್ನೂ ಒಟ್ಟಿಗೆ ಗಳಿಸಿದ ಕಾರುಗಳ ಪೈಕಿ ಟ್ರಯಂಫ್ ಸ್ಟ್ಯಾಗ್ ಪ್ರಮುಖವಾದದ್ದು. ೧೯೭೦ರಲ್ಲಿ ಕವೆಂಟ್ರಿ ನಗರದಿಂದ ಹೊರಬಂದ ಈ ನಾಲ್ಕು ಆಸನದ, ಚಾವಣಿ ತೆರೆಯಬಹುದಾದ ಸ್ಪೋರ್ಟ್ಸ್ ಕಾರು ಕಣ್ಣಿಗೆ ಬಲು ಚೆಂದ, ಕಿವಿಗೆ ಇನ್ನೂ ಚೆಂದ. ೧೯೭೭ರಲ್ಲಿ ತಯಾರಿಕೆ ನಿಂತಾಗ ಸುಮಾರು ೨೬ ಸಾವಿರ ಕಾರುಗಳಾಗಿದ್ದವು. ಆದರೆ ಅದಕ್ಕೆ ಅಂಟಿಕೊಂಡ ಹೆಸರು ಮಾತ್ರ "ಕುದಿಯುವ ಕಾರು" ಎಂದು.

ಉಳಿದಿರುವ ಸ್ಟ್ಯಾಗ್‌ಗಳಲ್ಲಿ ಹೆಚ್ಚಿನವು ಈಗ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿ, ಬಿಸಿಲಿನ ಭಾನುವಾರಗಳಲ್ಲಿ ಮಾತ್ರ ಹೊರಗೆ ಬರುತ್ತವೆ. ಮಾರುವವರು "ಓಡಿರುವುದು ಕಡಿಮೆ, ಎಂಜಿನ್ ಹೊಸದರಂತಿದೆ" ಎನ್ನುತ್ತಾರೆ. ಈ ಮಾತು ಎಷ್ಟು ನಿಜ? ಸ್ಟ್ಯಾಗಿನ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. ಆದರೆ ಮೊದಲು ಎಂಜಿನ್ನಿಗೂ ನೀರಿಗೂ ಇರುವ ಹಳೆಯ ನಂಟನ್ನು ನೋಡೋಣ.

ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ತಂಪು ಮಾಡುವ ನೀರೇ ಹೊತ್ತೊಯ್ಯಬೇಕು. ಕಾರ್ಲ್ ಬೆಂಝ್‌ನ ೧೮೮೬ರ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಮತ್ತೆ ಮತ್ತೆ ತುಂಬಬೇಕಿತ್ತು. ೧೮೮೮ರಲ್ಲಿ ಅವನ ಹೆಂಡತಿ ಬರ್ತಾ ಬೆಂಝ್ ಮಕ್ಕಳಿಬ್ಬರೊಡನೆ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋದಾಗ ದಾರಿಯುದ್ದಕ್ಕೂ ಸಿಕ್ಕಲ್ಲಿ ನೀರು ಸೇದಿ ತುಂಬುತ್ತಲೇ ಹೋಗಬೇಕಾಯಿತು. ಈ ಕಷ್ಟವನ್ನು ನೀಗಿದವನು ವಿಲ್ಹೆಲ್ಮ್ ಮೈಬಾಕ್. ಹೊಸ ಶತಮಾನದ ಆರಂಭದಲ್ಲಿ ಮರ್ಸಿಡಿಸ್ ಕಾರಿಗೆ ಅವನು ರಚಿಸಿದ ಜೇನುಗೂಡಿನಂಥ ರೇಡಿಯೇಟರಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳಿದ್ದವು. ಅದೇ ನೀರು ಸುತ್ತಿ ಸುತ್ತಿ ತಣಿಯತೊಡಗಿತು. ಮುಂದೆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ ಸೀಳದಂತೆ ಗ್ಲೈಕಾಲ್ ಬೆರೆಸುವ ರೂಢಿ ಬಂತು. ಒತ್ತಡ ಹಿಡಿದಿಡುವ ಮುಚ್ಚಳವೂ ಬಂತು. ಚದರ ಅಂಗುಲಕ್ಕೆ ೧೫ ಪೌಂಡು ಒತ್ತಡವಿದ್ದರೆ ನೀರು ೧೦೦ಕ್ಕೆ ಬದಲು ಸುಮಾರು ೧೨೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಒಂದು ಸವೆದ ಮುಚ್ಚಳ ಈ ಲಾಭವನ್ನೆಲ್ಲ ಕಳೆದುಬಿಡಬಲ್ಲದು.

ಇನ್ನು ಸ್ಟ್ಯಾಗಿನ ಕತೆ. ಟ್ರಯಂಫ್ ಹೆರಾಲ್ಡ್ ಮತ್ತು ಸ್ಪಿಟ್‌ಫೈರ್ ಕಾರುಗಳಿಗೆ ರೂಪ ಕೊಟ್ಟಿದ್ದ ಇಟಲಿಯ ಜೊವಾನ್ನಿ ಮಿಕೆಲೊಟ್ಟಿ, ೧೯೬೦ರ ದಶಕದ ನಡುವೆ ಟ್ರಯಂಫ್ ೨೦೦೦ ಕಾರೊಂದನ್ನು ಪಡೆದು ಅದನ್ನು ಪ್ರದರ್ಶನಕ್ಕೆಂದು ತೆರೆದ ಕಾರಾಗಿ ಮಾರ್ಪಡಿಸಿದ. ಟ್ರಯಂಫ್‌ನ ಹಿರಿಯ ಎಂಜಿನಿಯರು ಹ್ಯಾರಿ ವೆಬ್‌ಸ್ಟರ್ ಅದನ್ನು ನೋಡಿ ಮೆಚ್ಚಿ ಕಂಪೆನಿಗೇ ಇರಲಿ ಎಂದರು. ಕಂಪೆನಿ ಆಗ ನಾಲ್ಕು ಸಿಲಿಂಡರಿನ ಓರೆ ಎಂಜಿನ್ ಒಂದನ್ನು ರೂಪಿಸುತ್ತಿತ್ತು. ಸ್ವೀಡನ್ನಿನ ಸಾಬ್ ೯೯ ಕಾರಿಗೂ ಅದೇ ಹೋಯಿತು. ಅಂಥ ಎರಡನ್ನು ಜೋಡಿಸಿದ ಹಾಗೆ ಎಂಟು ಸಿಲಿಂಡರಿನ, ೨೯೯೭ ಸಿ.ಸಿ.ಯ ಎಂಜಿನ್ ಸಿದ್ಧವಾಗಿ ಸ್ಟ್ಯಾಗಿನೊಳಗೆ ಕೂತಿತು. ೧೯೬೮ರಲ್ಲಿ ಟ್ರಯಂಫ್, ರೋವರ್ ಎಲ್ಲವೂ ಬ್ರಿಟಿಷ್ ಲೇಲೆಂಡ್ ಎಂಬ ಒಂದೇ ಮನೆಯ ದಾಯಾದಿಗಳಾದವು. ರೋವರ್ ಬಳಿ ಪಳಗಿದ ೩.೫ ಲೀಟರಿನ ಎಂಟು ಸಿಲಿಂಡರಿನ ಎಂಜಿನ್ ಇತ್ತು. ಆದರೂ ಟ್ರಯಂಫ್‌ನವರು ತಮ್ಮದನ್ನು ಬಿಡಲಿಲ್ಲ.

ಈ ಎಂಜಿನ್ನಿನ ಮೈ ಬೀಡು ಕಬ್ಬಿಣ, ತಲೆ ಅಲ್ಯೂಮಿನಿಯಮ್. ಕಾದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ಹೀಗಾಗಿ ಮಿತಿ ಮೀರಿ ಕಾದರೆ ತಲೆ ಸೊಟ್ಟಗಾಗಿ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ನೀರಿನ ಪಂಪನ್ನು ಎರಡು ಸಾಲು ಸಿಲಿಂಡರುಗಳ ನಡುವೆ ಎತ್ತರದಲ್ಲಿ ಕೂರಿಸಿದ್ದರು. ನೀರಿನ ಮಟ್ಟ ಕೊಂಚ ಇಳಿದರೂ ಪಂಪು ಗಾಳಿಯನ್ನು ಕಡೆಯುತ್ತ ಕೂರುವುದು. ಉಷ್ಣಮಾಪಕದ ಮೂತಿಯ ಸುತ್ತ ನೀರೇ ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುವುದು. ಚಾಲಕ ನಿಶ್ಚಿಂತೆಯಿಂದಿರುವಾಗಲೇ ಎಂಜಿನ್ ಬೇಯುತ್ತಿರುತ್ತದೆ. ಇದರ ಮೇಲೆ ಕಾರ್ಖಾನೆಯ ಅಜಾಗರೂಕತೆ. ಎರಕ ಹೊಯ್ದ ಮರಳನ್ನು ಪೂರ್ತಿ ತೆಗೆಯದೆ ಕಳಿಸಿದ ಎಂಜಿನ್ನುಗಳಲ್ಲಿ ಅದು ಹರಿದುಬಂದು ರೇಡಿಯೇಟರಿನ ಸಣ್ಣ ದಾರಿಗಳನ್ನು ಕಟ್ಟಿತು.

ಮೂರನೆಯ ಕಾರಣ ಬಳಕೆದಾರರ ರೂಢಿ. ಆಗುಂಬೆ ಘಾಟಿಯಲ್ಲಿ ಬಸ್ಸು ನಿಲ್ಲಿಸಿ ಕ್ಲೀನರ್ ಹುಡುಗ ಡಬ್ಬದಲ್ಲಿ ಹಳ್ಳದ ನೀರು ತಂದು ಸುರಿಯುವುದನ್ನು ನೋಡಿ ಬೆಳೆದ ನಮಗೆ, ರೇಡಿಯೇಟರಿಗೆ ನೀರೊಂದಿದ್ದರೆ ಸಾಕು ಎಂಬುದು ಸಹಜ ನಂಬಿಕೆ. ಇಂಗ್ಲೆಂಡಿನಲ್ಲೂ ಆಗ ಹಲವರು ಚಳಿಗಾಲಕ್ಕೆ ಆಂಟಿಫ್ರೀಜ್ ಹಾಕಿ ವಸಂತದಲ್ಲಿ ಅದನ್ನು ಚೆಲ್ಲಿ ಬರಿಯ ನೀರು ತುಂಬುತ್ತಿದ್ದರು. ಹಳೆಯ ಕಬ್ಬಿಣದ ಎಂಜಿನ್ ಇದನ್ನು ಹೇಗೋ ತಾಳಿಕೊಂಡಿತು, ಸ್ಟ್ಯಾಗ್ ತಾಳಲಿಲ್ಲ. ಕಬ್ಬಿಣ, ಅಲ್ಯೂಮಿನಿಯಮ್, ನಡುವೆ ನೀರು ಸೇರಿದರೆ ಅದೇ ಒಂದು ಬ್ಯಾಟರಿ, ಕರಗುವುದು ಅಲ್ಯೂಮಿನಿಯಮ್. ಇದನ್ನು ತಡೆಯುವ ರಸಾಯನಗಳು ಆಂಟಿಫ್ರೀಜಿನಲ್ಲೇ ಇರುವುದರಿಂದ ಅದು ಬೇಸಿಗೆಯಲ್ಲೂ ಬೇಕು.

ಹೀಗೆ ವಿನ್ಯಾಸ, ಕಾರ್ಖಾನೆ, ಬಳಕೆ ಮೂರೂ ಸೇರಿ ಕಾರಿನ ಹೆಸರು ಕೆಟ್ಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತದೆ ನಮ್ಮ ಗಾದೆ. ೧೯೭೫ರಲ್ಲಿ ಸರ್ಕಾರ ಬ್ರಿಟಿಷ್ ಲೇಲೆಂಡನ್ನು ವಹಿಸಿಕೊಂಡಿತು; ಎರಡೇ ವರ್ಷದಲ್ಲಿ ಸ್ಟ್ಯಾಗ್ ಮುಗಿಯಿತು. ಎಷ್ಟೋ ಮಾಲೀಕರು ಬೇಸತ್ತು ಮೂಲ ಎಂಜಿನ್ ಕಿತ್ತು ರೋವರ್ ಎಂಜಿನ್ ಕೂರಿಸಿದರು.

ಆದರೆ ಗಾದೆಯನ್ನು ಕೊಂಚ ತಿದ್ದಿದವರೂ ಇದ್ದಾರೆ. ಕಾರನ್ನು ಪ್ರೀತಿಸಿದವರು ಸಂಘ ಕಟ್ಟಿಕೊಂಡು, ಎಂಜಿನ್ ಬಿಚ್ಚಿ, ಮರಳು ತೊಳೆದು, ರೇಡಿಯೇಟರಿಗೆ ಹೊಸ ತಿರುಳು ಹಾಕಿಸಿ, ನೀರಿನ ಮಟ್ಟವನ್ನು ಕಾದುಕೊಂಡರು. ಅದೇ ಎಂಜಿನ್ ಕುದಿಯದೆ ಓಡಿತು. ಅವರು ಕಲಿತ ಪಾಠ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆಲ್ಲ ಸಲ್ಲುತ್ತದೆ: ನೀರಿನ ವ್ಯವಸ್ಥೆಯ ವಯಸ್ಸನ್ನು ಮೈಲಿಯಲ್ಲಲ್ಲ, ಪಂಚಾಂಗದಲ್ಲಿ ಎಣಿಸಬೇಕು. ನಿಂತ ಕಾರಿನಲ್ಲೂ ಆಂಟಿಫ್ರೀಜಿನ ರಕ್ಷಕ ಗುಣ ಸೋರಿಹೋಗುತ್ತದೆ, ರಬ್ಬರಿನ ಕೊಳವೆ ಬಿರುಕು ಬಿಡುತ್ತದೆ, ಪಂಪಿನ ಸೀಲು ಒಣಗುತ್ತದೆ, ಕೆಸರು ತಳದಲ್ಲಿ ಗಟ್ಟಿಯಾಗುತ್ತದೆ. ಹಳೆಯ ಬಗೆಯ ನೀಲಿ ಅಥವಾ ಹಸಿರು ಆಂಟಿಫ್ರೀಜನ್ನು ಕಾರು ನೂರೇ ಮೈಲಿ ಓಡಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೆಚ್ಚು ಬಾಳುವ ಹೊಸ ಬಗೆಯದು ಎಲ್ಲ ಹಳೆಯ ಎಂಜಿನ್ನುಗಳಿಗೂ ಒಗ್ಗುವುದಿಲ್ಲ, ಎರಡನ್ನೂ ಬೆರೆಸಲೇಬಾರದು. ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು; ಗ್ಲೈಕಾಲ್ ಸಿಹಿಯಾದ ವಿಷ, ಮಕ್ಕಳಿಗೂ ಬೆಕ್ಕುನಾಯಿಗಳಿಗೂ ಅಪಾಯಕಾರಿ.

೨೦೧೮ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ ೪೦ ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ವಾರ್ಷಿಕ ಎಂ.ಒ.ಟಿ. ಪರೀಕ್ಷೆ ಕಡ್ಡಾಯವಲ್ಲ. ವರ್ಷಕ್ಕೊಮ್ಮೆ ಬೇರೊಬ್ಬರ ಕಣ್ಣು ಬೀಳುತ್ತಿದ್ದುದೂ ತಪ್ಪಿತು. ಹೊಣೆ ಈಗ ಪೂರ್ತಿ ಮಾಲೀಕನದೇ. ನಮ್ಮ ಬಳಗದಲ್ಲಿ ಯಾರಿಗಾದರೂ ಇಂಥ ಕಾರು ಕೊಳ್ಳುವ ಆಸೆಯಿದ್ದರೆ, ಮೈಲಿ ತೋರಿಸುವ ಅಂಕಿಗೆ ಮರುಳಾಗುವ ಮೊದಲು ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಲಿ. ಅದು ತಿಳಿಯಾಗಿದ್ದರೆ ಮುಂದಿನ ಮಾತು. ಕೆಂಪು ಕೆಸರಾಗಿದ್ದರೆ ನಮಸ್ಕಾರ ಹೇಳಿ ಮನೆಗೆ ಬರಲಿ.