ಸ್ಪೆಶಲ್ ಒಲಿಂಪಿಕ್ಸ್ ಹುಟ್ಟಿದ ಕಥೆ ಮತ್ತು ನಮ್ಮೂರ ಮೈದಾನ

ಈ ಪುಸ್ತಕಕ್ಕೆ ಒಂದು ಲೇಖನ ಕೊಡಿ ಅಂತ ವಾಚನಾಲಯದವರು ಕೇಳಿದಾಗ, ನಾನು ಪಾಡ್ದನದ ಬಗ್ಗೆ ಬರೆದೇನು ಅಂತಲೇ ಅವರ ಲೆಕ್ಕ. ಪಾಡ್ದನ ಬಾಯಲ್ಲಿ ಹೇಳಿಯೇನು, ಕಾಗದದಲ್ಲಿ ಬರೆಯಲು ನನ್ನಿಂದ ಕೂಡುವುದಿಲ್ಲ. ಅದರ ಬದಲು ನಾಲ್ಕು ವರ್ಷದಿಂದ ನನ್ನ ತಲೆಯಲ್ಲಿ ಕೂತಿರುವ ಒಂದು ಚರಿತ್ರೆ ಬರೆಯುತ್ತೇನೆ. ಏಳನೇ ಕ್ಲಾಸಿನವನ ಬರಹ, ತಪ್ಪಿದ್ದರೆ ಮಾಸ್ಟ್ರುಗಳು ತಿದ್ದಿಕೊಳ್ಳಬೇಕು.

ನನಗೊಬ್ಬ ತಮ್ಮ ಇದ್ದ. ಎರಡು ವರ್ಷಕ್ಕೆ ಸಣ್ಣವ. ಮಾತು ತಡ, ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಒಂದನೇ ಕ್ಲಾಸಿನಲ್ಲೇ ಎರಡು ವರ್ಷ ಕೂತ, ಮತ್ತೆ ಅಪ್ಪ ಶಾಲೆ ಬಿಡಿಸಿದರು. ಊರವರು ಪೊಟ್ಟ ಅಂತ ಕರೆದರು, ನಾವೂ ಹಾಗೆಯೇ ಕರೆದೆವು. ಆದರೆ ಓಟ ಅಂದರೆ ಅವನದ್ದು! ಹಟ್ಟಿಯಿಂದ ಕರು ಹಗ್ಗ ಬಿಡಿಸಿಕೊಂಡು ಗುಡ್ಡೆ ಹತ್ತಿದರೆ ಹಿಡಿದು ತರುವವ ಅವನೇ. ಶಾಲೆಯಲ್ಲಿ ಸ್ಪೋರ್ಟ್ಸ್ ಆಗುವ ದಿನ ಬೇಲಿ ಹಿಡಿದು ನಿಂತು ನೋಡುತ್ತಿದ್ದ. ಒಂದು ವರ್ಷ ಒಳಗೆ ನುಗ್ಗಿ ನಮ್ಮ ಸಾಲಿನಲ್ಲೇ ಬಂದು ನಿಂತ. ಮಕ್ಕಳೆಲ್ಲ ನಗಾಡಿದರು. ನಾನೇ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಹೊರಗೆ ಬಿಟ್ಟು ಬಂದೆ. ನನಗಾಗ ಹನ್ನೊಂದು ವರ್ಷ. ಯಾರೂ ಹೇಳಿ ಮಾಡಿಸಿದ್ದಲ್ಲ. ಮೂವತ್ತು ತುಂಬುವ ಮೊದಲೇ ತಮ್ಮ ಜ್ವರದಲ್ಲಿ ತೀರಿಹೋದ.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಇಂಥ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಓಡಿಸಲು ಸುರು ಮಾಡಿದ್ದರು ಅಂತ ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ನಮ್ಮ ಟೀಚರೊಬ್ಬರು ಓದಿ ಹೇಳಿದರು. ಅದರ ಹಿಂದೆಯೂ ಇದ್ದದ್ದು ಒಂದು ಮನೆಯ ಸಂಕಟ, ಅದೂ ಸಾಧಾರಣ ಮನೆಯಲ್ಲ, ಅಧ್ಯಕ್ಷ ಜಾನ್ ಕೆನಡಿಯ ಮನೆ. ಅವರ ತಂಗಿ ರೋಸ್‌ಮೇರಿ ಹುಟ್ಟಿದ್ದು 1918ರಲ್ಲಿ. ಬುದ್ಧಿ ನಿಧಾನ. ಆದರೂ ಈಜುತ್ತಿದ್ದಳು, ಅಣ್ಣ ತಂಗಿಯರ ಜೊತೆ ದೋಣಿಯಲ್ಲಿ ಹೋಗುತ್ತಿದ್ದಳು. 1941ರಲ್ಲಿ, ಅವಳಿಗೆ 23 ವರ್ಷ ಇರುವಾಗ, ಸರಿ ಮಾಡುತ್ತೇವೆ ಅಂತ ಮೆದುಳಿನ ಆಪರೇಶನ್ ಮಾಡಿಸಿದರು. ಅದು ಕೆಟ್ಟುಹೋಯಿತು. ಇದ್ದ ಮಾತೂ ಹೋಯಿತು, ನಡಿಗೆಯೂ ಹೋಯಿತು. ಮತ್ತೆ ದೂರದ ಒಂದು ಆಶ್ರಮದಂಥ ಜಾಗದಲ್ಲಿ ಇಟ್ಟರು, ತುಂಬಾ ವರ್ಷ ಮನೆಯಲ್ಲಿ ಅವಳ ಸುದ್ದಿಯೇ ಇಲ್ಲ. ದುಡ್ಡಿದ್ದವರೂ ನಮ್ಮ ಹಾಗೆಯೇ ಅಡಗಿಸಿಟ್ಟರು, ನೋಡಿ.

ಅವಳ ಇನ್ನೊಬ್ಬ ತಂಗಿ ಯೂನಿಸ್ ಕೆನಡಿ ಶ್ರೈವರ್. ನನ್ನ ಮಗುವನ್ನು ಯಾವ ಬೇಸಿಗೆ ಶಿಬಿರಕ್ಕೂ ಸೇರಿಸಿಕೊಳ್ಳುವುದಿಲ್ಲ ಅಂತ ಒಬ್ಬ ತಾಯಿ ಹೇಳಿಕೊಂಡಾಗ, ಈಕೆ 1962ರಲ್ಲಿ ಮೇರಿಲ್ಯಾಂಡಿನ ತನ್ನ ಮನೆಯ ಅಂಗಳದಲ್ಲೇ ಶಿಬಿರ ಮಾಡಿದರು. ಈಜು, ಕುದುರೆ ಸವಾರಿ, ಚೆಂಡಾಟ. ಕಲಿಸಲು ಬಂದವರು ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರು, ಹೆಚ್ಚು ಕಡಿಮೆ ಒಂದು ಮಗುವಿಗೆ ಒಬ್ಬರ ಹಾಗೆ. ಅದೇ ವರ್ಷ ಈಕೆ ಅಕ್ಕನ ವಿಷಯವನ್ನೂ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ನನಗೆ ಶಿಬಿರಕ್ಕಿಂತಲೂ ಇದು ದೊಡ್ಡದಾಗಿ ಕಾಣುತ್ತದೆ.

ಆಗ ಡಾಕ್ಟರುಗಳ ಅಭಿಪ್ರಾಯ ಏನೆಂದರೆ, ಇಂಥ ಮಕ್ಕಳ ಮೈಯೂ ಬುದ್ಧಿಯ ಹಾಗೆಯೇ ದುರ್ಬಲ ಅಂತ. ಕೆನಡಾ ದೇಶದ ಫ್ರಾಂಕ್ ಹೇಡನ್ ಎನ್ನುವವರು ಟೊರಾಂಟೊದಲ್ಲಿ ಪರೀಕ್ಷೆ ಮಾಡಿ ನೋಡಿದರು. ಈ ಮಕ್ಕಳ ದೇಹಶಕ್ತಿ ಬೇರೆ ಮಕ್ಕಳ ಅರ್ಧದಷ್ಟು ಮಾತ್ರ ಇದ್ದದ್ದು ನಿಜ. ಆದರೆ ಕ್ರಮವಾಗಿ ವ್ಯಾಯಾಮ ಮಾಡಿಸಿದರೆ ಏರಿತು. ಅಂದರೆ ಕೊರತೆ ಇದ್ದದ್ದು ಹುಟ್ಟಿನಲ್ಲಲ್ಲ, ಮೂಲೆಯಲ್ಲಿ ಕೂರಿಸಿದ್ದರಲ್ಲಿ. ಕರುವನ್ನು ಕಟ್ಟಿಯೇ ಸಾಕಿದರೆ ಕಾಲು ಸೋಲುವುದಿಲ್ಲವಾ? ನಮಗೆ ಬೇಸಾಯದವರಿಗೆ ಗೊತ್ತಿರಬೇಕಿತ್ತು.

ಮತ್ತೆ ಶಿಕಾಗೋದ ಆನ್ ಬರ್ಕ್, ಪಾರ್ಕಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರು. (ಈಕೆ ಮುಂದೆ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶೆ ಆದರು.) ಊರ ಮಟ್ಟಿಗೆ ಒಂದು ಸ್ಪರ್ಧೆ ಮಾಡಬೇಕು, ದುಡ್ಡು ಬೇಕು ಅಂತ ಯೂನಿಸ್ ಹತ್ತಿರ ಕೇಳಿದ್ದಕ್ಕೆ, ಊರಿನದ್ದು ಸಾಲದು, ದೇಶದ್ದೇ ಮಾಡುವ ಅಂದರು. ಹಾಗೆ 1968 ಜುಲೈ 20ರಂದು ಶಿಕಾಗೋದ ಸೋಲ್ಜರ್ ಫೀಲ್ಡಿನಲ್ಲಿ ಮೊದಲ ಸ್ಪೆಶಲ್ ಒಲಿಂಪಿಕ್ಸ್ ನಡೆಯಿತು. ಅಮೆರಿಕದ 26 ರಾಜ್ಯ ಮತ್ತು ಕೆನಡಾದಿಂದ ಸುಮಾರು 1,000 ಜನ ಆಟಗಾರರು. ಯೂನಿಸ್‌ಳ ತಮ್ಮ ರಾಬರ್ಟ್ ಕೆನಡಿಯನ್ನು ಗುಂಡಿಕ್ಕಿ ಕೊಂದು ಆರು ವಾರ ಆಗಿತ್ತಷ್ಟೆ, ಆದರೂ ಅವರು ಬಂದರು. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ನೋಡುವವರ ಬೆಂಚು ಮಾತ್ರ ಖಾಲಿ.

ಇದು ಪ್ಯಾರಾಲಿಂಪಿಕ್ಸ್ ಅಲ್ಲ, ಅದು ಬೇರೆ. ಇದರ ಕ್ರಮವೇ ಬೇರೆ ಉಂಟು. ಎಂಟು ವರ್ಷ ತುಂಬಿದವರು ಸ್ಪರ್ಧೆಗೆ ನಿಲ್ಲಬಹುದು, ಮೇಲೆ ವಯಸ್ಸಿನ ಗಡಿ ಇಲ್ಲ. ಮೊದಲು ಎಲ್ಲರನ್ನೂ ಓಡಿಸಿ ಸಮಯ ಬರೆದುಕೊಳ್ಳುತ್ತಾರೆ. ಹತ್ತಿರ ಹತ್ತಿರದ ಸಮಯದವರನ್ನು, ವಯಸ್ಸು ನೋಡಿ, ಮೂರರಿಂದ ಎಂಟು ಜನರ ಗುಂಪು ಮಾಡುತ್ತಾರೆ. ನಿಧಾನದವನಿಗೆ ನಿಧಾನದವನೇ ಎದುರಾಳಿ. ಮೊದಲ ಓಟದಲ್ಲಿ ಬೇಕೆಂದೇ ಮೆಲ್ಲ ಓಡಿಸಿ ಕೊನೆಗೆ ಜೋರು ಬಿಡುವ ಉಪಾಯ ನಡೆಯುವುದಿಲ್ಲ, ಸಮಯ ಮಿತಿಗಿಂತ ಹೆಚ್ಚು ಇಳಿದರೆ ಹೊರಗೆ. ಕೆಲವು ಕಬಡ್ಡಿ ಟೀಮಿನವರು ಇದನ್ನು ಕೇಳಬೇಕು. ಮೊದಲ ಮೂವರಿಗೆ ಪದಕ, ಉಳಿದವರಿಗೆ ರಿಬ್ಬನ್.

ನಮ್ಮ ದೇಶದಲ್ಲಿ ಸ್ಪೆಶಲ್ ಒಲಿಂಪಿಕ್ಸ್ ಭಾರತ್ ನೋಂದಣಿಯಾದದ್ದು 2001ರಲ್ಲಿ. 2019ರ ವಿಶ್ವಕೂಟ ಆದದ್ದು ಅಬುಧಾಬಿಯಲ್ಲಿ, ನಮ್ಮ ಜಿಲ್ಲೆಯ ಎಷ್ಟೋ ಮನೆಯ ಗಂಡಸರು ದುಡಿಯುವ ಊರು. ಅಲ್ಲಿ ಭಾರತದ ಮಕ್ಕಳಿಗೆ 368 ಪದಕ. 2023ರಲ್ಲಿ ಬರ್ಲಿನಿನಲ್ಲಿ 202, ಅದರಲ್ಲಿ ಚಿನ್ನವೇ 76. ಕ್ರಿಕೆಟಿನ ಒಂದು ಸೆಂಚುರಿಗೆ ಪಟಾಕಿ ಸಿಡಿಸುವ ನಮ್ಮ ಪೇಟೆಯಲ್ಲಿ ಇದು ಯಾರಿಗೂ ಗೊತ್ತೇ ಇಲ್ಲ.

ಕಾಸರಗೋಡಿನವರಿಗೆ ಈ ವಿಷಯ ದೂರದ್ದಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದ ತನಕ, ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಟ್ಟದ್ದು, ಎಣ್ಮಕಜೆ, ಪಡ್ರೆಯ ಕಡೆ ಮಕ್ಕಳು ಪಟ್ಟ ಪಾಡು ನಿಮಗೆ ಹೇಳಬೇಕಾಗಿಲ್ಲ. (ನನ್ನ ತಮ್ಮ ಅದಕ್ಕೆ ಮೊದಲಿನವ, ಎಲ್ಲವನ್ನೂ ಮದ್ದಿನ ತಲೆಗೆ ಕಟ್ಟುವುದೂ ಸರಿಯಲ್ಲ.) ಕೇರಳದಲ್ಲಿ ಪಂಚಾಯತು ಮತ್ತು ಕುಟುಂಬಶ್ರೀ ಸೇರಿ ನಡೆಸುವ ಬಡ್ಸ್ ಶಾಲೆ 2004ರಲ್ಲಿ ತೆಂಕಲಾಗಿ ತಿರುವನಂತಪುರದ ಹತ್ತಿರ ಸುರುವಾಗಿ ಮತ್ತೆ ನಮ್ಮ ಕಡೆಗೂ ಬಂತು. ಅಂಥ ಒಂದು ಶಾಲೆಯ ಟೀಚರೇ ನನ್ನನ್ನು ಕರೆದದ್ದು. ಓಟ ಕಲಿಸಲು ಅಲ್ಲ, ಭಾಷೆಗೆ. ತರಬೇತಿಗೆ ಬರುವವರು ಮಲಯಾಳದಲ್ಲಿ ಹೇಳುತ್ತಾರೆ, ಮಕ್ಕಳ ಮನೆಮಾತು ತುಳು, ಕನ್ನಡ. ಒಂದು ಮಾತು ಅರ್ಥ ಆಗಲಿಕ್ಕೇ ಕಷ್ಟಪಡುವ ಮಗುವಿಗೆ ಎರಡು ಭಾಷೆ ಯಾಕೆ ಹೊರಿಸಬೇಕು?

ಹೋದ ಮೇಲೆ ಕಲಿತದ್ದು ನಾನು. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಬೇಕು. ಇವತ್ತಿನ ಕ್ರಮ ನಾಳೆ ಬದಲಿಸಬಾರದು. ಸೀಟಿ ಊದಿದರೆ ಕೆಲವರು ಕಿವಿ ಮುಚ್ಚಿ ಅಳುತ್ತಾರೆ, ಅವರಿಗೆ ಮೊದಲು ಚಪ್ಪಾಳೆ, ಮತ್ತೆ ದೂರದಿಂದ ಸೀಟಿ, ಮತ್ತೆ ಹತ್ತಿರದಿಂದ. ಬೋಚಿ ಅಂತ ಒಂದು ಆಟ ಉಂಟು, ಸಣ್ಣ ಚೆಂಡಿನ ಹತ್ತಿರಕ್ಕೆ ದೊಡ್ಡ ಚೆಂಡು ಉರುಳಿಸುವುದು. ಅದರಲ್ಲಿ ಕೈ ಹಿಂದೆ ತಂದು ಮುಂದೆ ಬಿಡುವ ಲಯ ಒಬ್ಬಳಿಗೆ ಬರುತ್ತಲೇ ಇರಲಿಲ್ಲ. ನಾನು ಅಮ್ಮನಿಂದ ಕೇಳಿ ಕಲಿತ ನೇಜಿ ಹಾಡಿನ ಧಾಟಿ ಹಾಡಿದೆ, ಗದ್ದೆಯಲ್ಲಿ ಬಗ್ಗುವಾಗ ಏಳುವಾಗ ಇರುವ ಆ ಎಳೆತ. ಮೂರನೇ ದಿನಕ್ಕೆ ಕೈ ಸರಿಯಾಗಿ ಬೀಸಿತು. ನೇಜಿ ನೆಡುವವರೇ ಈಗ ಇಲ್ಲ, ಹಾಡಿಗೆ ಹೀಗೊಂದು ಕೆಲಸ ಸಿಕ್ಕಿತು.

ಹದಿನಾಲ್ಕು ವರ್ಷದ ಒಬ್ಬ ಹುಡುಗ, ಐವತ್ತು ಮೀಟರಿನವ. ಚೆಂದ ಓಡಿ ಬರುತ್ತಾನೆ, ಗೆರೆಗೆ ಎರಡು ಮಾರು ಇರುವಾಗ ನಿಂತುಬಿಡುತ್ತಾನೆ. ಒಂದು ತಿಂಗಳು ತಲೆ ಕೆಡಿಸಿಕೊಂಡೆವು. ಆಮೇಲೆ ತಿಳಿಯಿತು, ನಾನು ಅಲ್ಲೇ ಬದಿಯಲ್ಲಿ ನಿಂತು ಬಾ ಬಾ ಅಂತ ಕೂಗುತ್ತಿದ್ದೆ, ಅವನು ನನ್ನ ಹತ್ತಿರ ಬಂದು ನಿಲ್ಲುತ್ತಿದ್ದ. ಅವನ ಲೆಕ್ಕದಲ್ಲಿ ಗೆರೆ ಅಂದರೆ ನಾನು. ಅಂದಿನಿಂದ ಗೆರೆಯ ಆಚೆ ಹತ್ತು ಹೆಜ್ಜೆ ದೂರ ಹೋಗಿ ನಿಂತೆ. ಪೂರ್ತಿ ಓಡಿದ.

ಸ್ಪರ್ಧೆಯ ದಿನ ತರಬೇತಿಯವರು ಒಳಗೆ ಹೋಗುವ ಹಾಗಿಲ್ಲ. ಹಗ್ಗದ ಹೊರಗೆ, ಗೆರೆಯ ಆಚೆಗೆ ಕಾಣುವ ಹಾಗೆ ಬಿಳಿ ಮುಂಡು ಎತ್ತಿ ಕಟ್ಟಿ ನಿಂತೆ. ಕೂಗಲಿಲ್ಲ. ಅವನು ಅತ್ತ ಇತ್ತ ನೋಡಿದ, ನನ್ನನ್ನು ಕಂಡ, ಗೆರೆ ದಾಟಿ ಹಗ್ಗದವರೆಗೂ ಓಡಿ ಬಂದ. ನಾಲ್ಕನೆಯವ. ನಾಲ್ಕನೆಯವರಿಗೂ ಕೊಡುತ್ತಾರಾ ಅಂತ ಅವನ ಅಮ್ಮ ನನ್ನ ಹತ್ತಿರ ಮೂರು ಸಲ ಕೇಳಿದರು. ಆ ರಿಬ್ಬನ್ ಈಗ ಅವರ ಮನೆಯ ಚಾವಡಿಯಲ್ಲಿ, ಕ್ಯಾಲೆಂಡರಿನ ಆಣಿಗೆ ನೇತು ಹಾಕಿ ಉಂಟು.