ನದಿಯಿಲ್ಲದ ನಾಡಿನಲ್ಲಿ ನಾಲ್ಕು ದಿನ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಹಲವರು ಚಳಿಗಾಲದ ರಜೆಗೆ ಮೆಕ್ಸಿಕೋ ದೇಶದ ಯುಕಟಾನ್ ಪರ್ಯಾಯ ದ್ವೀಪಕ್ಕೆ ಹೋಗಿಬರುವುದುಂಟು. ಮಗಳ ಮನೆಯವರೊಡನೆ ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ. ಮೊಮ್ಮಕ್ಕಳಿಗೆ ಈಜು ಬೇಕು, ನನಗೆ ಮಾಯಾ ಜನರ ಪ್ರಾಚೀನ ನಗರಗಳ ಅವಶೇಷಗಳು ಬೇಕು. ಇದ್ದುದು ನಾಲ್ಕೇ ದಿನ. ಎರಡು ದಿನ ಇತಿಹಾಸಕ್ಕೆ, ಎರಡು ದಿನ ನೀರಿಗೆ ಎಂದು ಪಾಲು ಮಾಡುವುದು ಸುಲಭವಾಗಿತ್ತು. ಆದರೆ ಆ ನೆಲದ ಭೂಗೋಳವನ್ನು ಓದುತ್ತ ಹೋದಂತೆ, ಅಲ್ಲಿ ನೀರನ್ನೂ ಇತಿಹಾಸವನ್ನೂ ಬೇರ್ಪಡಿಸಲಾಗದೆಂಬುದು ಮನದಟ್ಟಾಯಿತು. ಮುಂದೆ ಹೊರಡುವವರಿಗೆ ಪ್ರಯೋಜನವಾದೀತೆಂದು ಅದನ್ನಿಲ್ಲಿ ಬರೆಯುತ್ತಿದ್ದೇನೆ.

ಉತ್ತರ ಯುಕಟಾನಿನ ನೆಲದ ಮೇಲೆ ನದಿಗಳು ಹರಿಯುವುದಿಲ್ಲ. ಅಲ್ಲಿರುವುದೆಲ್ಲ ಸುಣ್ಣಕಲ್ಲು. ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಂಗಿ, ಕಲ್ಲನ್ನು ಕರಗಿಸುತ್ತ ನೆಲದಡಿಯಲ್ಲಿ ಗವಿಗಳನ್ನು ಕೊರೆದಿದೆ. ಗವಿಯ ಚಾವಣಿ ಕುಸಿದ ಕಡೆ ತಿಳಿನೀರಿನ ಆಳವಾದ ಹೊಂಡವೊಂದು ತೆರೆದುಕೊಳ್ಳುತ್ತದೆ. ಮಾಯಾ ಭಾಷೆಯಲ್ಲಿ ಅದಕ್ಕೆ ‘ತ್ಸೊನೊಟ್’ ಎಂದು ಹೆಸರು. ಸ್ಪೇನಿನವರ ಬಾಯಲ್ಲಿ ಅದು ‘ಸೆನೋಟೆ’ ಆಯಿತು. ಇಂದು ನಾವು ಟಿಕೆಟ್ಟು ಕೊಂಡು ಈಜುವ ಇಂತಹ ಹೊಂಡಗಳೇ ಅಂದಿನ ಊರುಗಳ ಜೀವಾಧಾರ.

ಮೊದಲ ದಿನ ಕಾನ್‌ಕೂನ್ ವಿಮಾನ ನಿಲ್ದಾಣದಲ್ಲಿಳಿದು, 1543ರಲ್ಲಿ ಸ್ಪೇನಿನವರು ಸ್ಥಾಪಿಸಿದ ವಯ್ಯಾಡೊಲಿಡ್ ಪಟ್ಟಣದಲ್ಲಿ ತಂಗುವುದು ಲೇಸು. ಊರ ನಡುವೆಯೇ ಸಾಸಿ ಎಂಬ ಸೆನೋಟೆ ಇದೆ. ಪ್ರಯಾಣದ ದಣಿವನ್ನು ಅಲ್ಲಿ ಕಳೆಯಬಹುದು.

ಎರಡನೆಯ ದಿನ ಬಿಸಿಲೇರುವ ಮುನ್ನ ಚಿಚೆನ್ ಇಟ್ಜಾ ತಲುಪಬೇಕು. ‘ಇಟ್ಜಾ ಜನರ ಬಾವಿಯ ಬಾಯಿ’ ಎಂಬುದು ಆ ಹೆಸರಿನ ಅರ್ಥ. ಊರಿನ ಹೆಸರಿನಲ್ಲಿಯೇ ನೀರಿದೆ. ಎಲ್ಲರೂ ಚಿತ್ರಗಳಲ್ಲಿ ಕಂಡಿರುವ ಪಿರಮಿಡ್ಡಿಗೆ ನಾಲ್ಕು ಬದಿಗಳಲ್ಲಿ ತಲಾ 91 ಮೆಟ್ಟಿಲುಗಳು, ಮೇಲಿನದೊಂದು ಸೇರಿ 365. ಒಂದು ವರ್ಷದ ದಿನಗಳಷ್ಟು! ಅದನ್ನು ಹತ್ತಲು ಈಗ ಅನುಮತಿಯಿಲ್ಲ. ಅಲ್ಲಿಂದ ಉತ್ತರಕ್ಕೆ ಕಲ್ಲುಹಾದಿಯಲ್ಲಿ ನಡೆದರೆ ಸುಮಾರು 60 ಮೀಟರ್ ಅಗಲದ ಪವಿತ್ರ ಸೆನೋಟೆ ಎದುರಾಗುತ್ತದೆ. ಇದು ಕುಡಿಯುವ ನೀರಿನದಲ್ಲ, ಹರಕೆಯದು. ಎಡ್ವರ್ಡ್ ಥಾಮ್ಸನ್ ಎಂಬ ಅಮೆರಿಕನ್ನರು 1904ರಿಂದ ಇದರ ತಳವನ್ನು ತೋಡಿಸಿದಾಗ ಹಸಿರು ಜೇಡ್ ಶಿಲೆಯ ಆಭರಣ, ಬಂಗಾರ, ಧೂಪದ ಉಂಡೆಗಳೊಂದಿಗೆ ಮನುಷ್ಯರ ಎಲುಬುಗಳೂ ದೊರೆತವು. ಅವುಗಳಲ್ಲಿ ಮಕ್ಕಳವೂ ಇದ್ದವು. ಮಳೆ ತಪ್ಪಿದರೆ ಬೇರೆ ಗತಿಯಿಲ್ಲದ ಜನ ಮಳೆದೇವರಾದ ಚಾಕ್‌ನನ್ನು ಒಲಿಸಿಕೊಳ್ಳಲು ತೆತ್ತ ಬೆಲೆಯಿದು. ಇಲ್ಲಿ ಈಜು ನಿಷಿದ್ಧ. ಮೂರು ಕಿಲೋಮೀಟರ್ ದೂರದಲ್ಲಿ ಇಕ್ ಕಿಲ್ ಎಂಬ ಇನ್ನೊಂದು ಸೆನೋಟೆ ಇದೆ. ಮಕ್ಕಳಿಗೆ ಮೊದಲು ಇದನ್ನು ತೋರಿಸಿ, ಆಮೇಲೆ ಅಲ್ಲಿ ಈಜಲು ಬಿಡಿ. ನೀರಿಗೆ ಇಳಿಯುವ ಮುನ್ನ ನನ್ನ ಮೊಮ್ಮಗಳು ಒಂದು ಕ್ಷಣ ಸುಮ್ಮನೆ ನಿಂತಿದ್ದನ್ನು ನಾನು ಕಂಡೆ.

ಮೂರನೆಯ ದಿನ ಕೋಬಾ. ಇದು ಕೆರೆಗಳ ಸುತ್ತ ಬೆಳೆದ ನಗರ. ಇಲ್ಲಿಂದ ಪಶ್ಚಿಮದ ಯಶುನಾ ಎಂಬ ಊರಿನವರೆಗೆ ಸುಮಾರು 100 ಕಿಲೋಮೀಟರ್ ಉದ್ದದ ಬಿಳಿಗಾರೆಯ ರಸ್ತೆಯನ್ನು ಕಟ್ಟಿದ್ದರು. ಆ ಜನರಲ್ಲಿ ಗಾಡಿಯಾಗಲಿ ಹೊರೆ ಎಳೆಯುವ ಪ್ರಾಣಿಯಾಗಲಿ ಇರಲಿಲ್ಲವೆಂಬುದನ್ನು ನೆನೆದರೆ ಬೆರಗಾಗುತ್ತದೆ. ಇಲ್ಲಿಯ ಕೆರೆಗಳಲ್ಲಿ ಮೊಸಳೆಗಳಿವೆ, ಇಳಿಯಕೂಡದು.

ಕೊನೆಯ ದಿನವನ್ನು ತುಲುಮ್‌ಗೆ ಮೀಸಲಿಡಿ. ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ ಕಡಿದಾದ ದಡ, ಅದರ ಕೆಳಗೆ ಕೆರಿಬಿಯನ್ ಸಮುದ್ರ. ದೋಣಿಗಳಲ್ಲಿ ಸರಕು ಬಂದಿಳಿಯುತ್ತಿದ್ದ ರೇವು ಇದು. 1518ರಲ್ಲಿ ಗ್ರಿಹಾಲ್ವಾನ ಹಡಗುಗಳು ಈ ತೀರದುದ್ದಕ್ಕೂ ಸಾಗಿದಾಗ, ಜೊತೆಗಿದ್ದ ಪಾದ್ರಿಯೊಬ್ಬರು ತಾವು ಕಂಡ ನಗರವನ್ನು ಸೆವಿಲ್‌ಗೆ ಹೋಲಿಸಿದರು. ಅದು ತುಲುಮ್ ಎಂದೇ ಹಲವರ ಎಣಿಕೆ. ಸಮುದ್ರಸ್ನಾನಕ್ಕೆ ಹತ್ತಿರದಲ್ಲಿಯೇ ಬಿಳಿ ಮರಳಿನ ತೀರಗಳಿವೆ.

ಮಾಯಾ ಜನ ಮಾಯವಾದರೆಂದು ಹೇಳುವವರುಂಟು. ಇದು ಸರಿಯಲ್ಲ. ಒಂಬತ್ತು-ಹತ್ತನೆಯ ಶತಮಾನಗಳಲ್ಲಿ ಅನೇಕ ನಗರಗಳು ಬರಿದಾದವು. ಅದೇ ಕಾಲದಲ್ಲಿ ದೀರ್ಘ ಬರಗಾಲಗಳು ಬಂದಿದ್ದವೆಂಬುದಕ್ಕೆ ಚಿಚಂಕನಾಬ್ ಸರೋವರದ ಹೂಳಿನಲ್ಲಿ ಸಾಕ್ಷ್ಯ ದೊರೆತಿದೆ. 1562ರಲ್ಲಿ ಮಾನಿ ಎಂಬಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಅವರ ಗ್ರಂಥಗಳನ್ನು ಸುಡಿಸಿದರು. ಆದರೂ ಜನ ಉಳಿದರು, ಭಾಷೆಯೂ ಉಳಿಯಿತು. ಯುಕಟಾನಿನ ಮಾಯಾ ಭಾಷೆಯನ್ನು ಇಂದಿಗೂ 7 ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಸೆನೋಟೆಯ ಬಾಗಿಲಲ್ಲಿ ನಿಮಗೆ ಟಿಕೆಟ್ಟು ಕೊಡುವವರೂ ಅವರಲ್ಲೊಬ್ಬರಾಗಿರಬಹುದು.

ನೀರಿಗಿಳಿಯುವ ಮುನ್ನ ಮೈ ತೊಳೆದುಕೊಳ್ಳಿ, ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಬೇಡ ಎಂದು ಅವರು ಹೇಳುತ್ತಾರೆ. ಅದನ್ನು ಕಿರಿಕಿರಿಯೆಂದು ತಿಳಿಯಬಾರದು. ಸುಣ್ಣಕಲ್ಲು ಕೊಳೆಯನ್ನು ಸೋಸಿ ತಡೆಯುವುದಿಲ್ಲ. ನೆಲದಡಿಯ ಗವಿಗಳು ಒಂದಕ್ಕೊಂದು ಕೂಡಿಕೊಂಡಿವೆ. ತುಲುಮ್ ಬಳಿಯ ಒಂದು ಗವಿಜಾಲವೇ 347 ಕಿಲೋಮೀಟರ್ ಉದ್ದವಿದೆಯೆಂದು 2018ರಲ್ಲಿ ತಿಳಿದುಬಂದಿತು. ಒಂದು ಹೊಂಡಕ್ಕೆ ಬಿದ್ದುದು ದೂರದ ಇನ್ನೊಂದು ಬಾವಿಯಲ್ಲಿ ಕಾಣಿಸಿಕೊಳ್ಳಬಲ್ಲುದು. ಆ ಜನರ ಪೂರ್ವಿಕರು ಪ್ರಾಣ ತೆತ್ತು ಬೇಡಿದ ನೀರನ್ನು ನಾವು ಒಂದು ಗಂಟೆಯ ಮಟ್ಟಿಗೆ ಎರವಲು ಪಡೆಯುತ್ತೇವೆ. ಪಡೆದಂತೆಯೇ ಹಿಂದಿರುಗಿಸುವುದು ಪ್ರವಾಸಿಯ ಧರ್ಮ.